ತುಂಬಿದ ಸಂಪು

2024ರ ಮಾರ್ಚ್ ತಿಂಗಳಿಗೆ ನಾನು ನಿವೃತ್ತಳಾಗಿ ಐದು ವರ್ಷವಾಗಿತ್ತು. ಸರ್ಕಾರಿ ಕಟ್ಟಡಗಳ ವಿಭಾಗದಲ್ಲಿ ಸಿವಿಲ್ ಎಂಜಿನಿಯರ್ ಆಗಿ ಮೂವತ್ತೊಂದು ವರ್ಷ ದುಡಿದು ಹೊರಬಂದ ಮೇಲೆ, ಸಹಕಾರನಗರದ ಮನೆಯಿಂದಲೇ ಒಂದು ಸಣ್ಣ ಕೆಲಸ ಶುರು ಮಾಡಿದ್ದೆ. ಮನೆ ಕೊಳ್ಳಲು ಹೊರಟವರ ಪರವಾಗಿ ಹೋಗಿ, ಆ ಮನೆಯನ್ನು ತಳದಿಂದ ತಾರಸಿಯವರೆಗೆ ಪರೀಕ್ಷಿಸಿ, ಕಂಡದ್ದನ್ನು ವರದಿ ಮಾಡಿ ಕೊಡುವುದು. ಇದಕ್ಕೆ ಹೋಮ್ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಹೆಬ್ಬಾಳದಿಂದ ಯಲಹಂಕದವರೆಗೆ ಆ ಹೊತ್ತಿಗೆ ನಾನು ಎಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ನೋಡಿದ್ದೆ. ಅವುಗಳಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಮೃತಹಳ್ಳಿಯ ಒಂದೇ ಒಂದು ಮನೆಯ ಮುಂದೆ.

ನೆನಪನ್ನೇ ನಂಬಿ ಬರೆದರೆ ಈ ಪ್ರಕರಣದಲ್ಲಿ ನಾನು ಇದ್ದದ್ದಕ್ಕಿಂತ ಒಳ್ಳೆಯವಳಾಗಿ ಕಾಣುತ್ತೇನೆ. ಹಾಗಾಗದಿರಲಿ ಎಂದು ಆ ವರ್ಷದ ಡೈರಿಯನ್ನೂ ವರದಿಯ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯಲ್ಲಿ ಇಲ್ಲದ್ದು ನೆನಪಿಗೆ ಬಂದಾಗ ಹಾಗೆಂದು ಹೇಳುತ್ತೇನೆ.

ನನ್ನನ್ನು ಕರೆದವರು ಸುಜಾತ. ಆರ್.ಟಿ. ನಗರದ ಒಂದು ರಕ್ತಪರೀಕ್ಷಾ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಗಂಡ ಮಂಜುನಾಥ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದರು. ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಮೊದಲ ಸಲ ಸ್ವಂತ ಮನೆ ಕೊಳ್ಳುತ್ತಿದ್ದರು. ಮೂವತ್ತು ನಲವತ್ತರ ನಿವೇಶನ, ಒಂಬತ್ತು ವರ್ಷ ಹಳೆಯ ಕಟ್ಟಡ, ನೆಲಮಹಡಿಯ ಮೇಲೆ ಎರಡು ಅಂತಸ್ತು. ಕೆಳಗೆ ತಾವಿದ್ದು, ಮೇಲಿನ ಎರಡು ಮನೆಗಳ ಬಾಡಿಗೆಯಿಂದ ಬ್ಯಾಂಕಿನ ಕಂತು ಕಟ್ಟುವ ಲೆಕ್ಕ. ಅಂದರೆ ಆ ಕಟ್ಟಡ ನೆಟ್ಟಗೆ ನಿಂತಿದ್ದರೆ ಮಾತ್ರ ಅವರ ಸಂಸಾರವೂ ನಿಲ್ಲುತ್ತಿತ್ತು.

ಅವರು ಕರೆದಾಗ ಮುಂಗಡ ಕೊಟ್ಟಾಗಿತ್ತು. ಯುಗಾದಿಯ ನಂತರದ ವಾರ ಗೃಹಪ್ರವೇಶಕ್ಕೆ ಮುಹೂರ್ತವನ್ನೂ ಇಡಿಸಿಯಾಗಿತ್ತು. ನಮ್ಮ ಕಡೆ ಇದೇ ರೂಢಿ. ಕಾಗದಪತ್ರ ನೋಡಲು ವಕೀಲರನ್ನು ಮೊದಲೇ ಹಿಡಿಯುತ್ತಾರೆ. ದಿಕ್ಕು ನೋಡಲು ವಾಸ್ತುವಿನವರನ್ನು ಅದಕ್ಕೂ ಮೊದಲು ಕರೆಯುತ್ತಾರೆ. ಸಾಲ ಕೊಡುವ ಬ್ಯಾಂಕು ಕಳಿಸುವ ಎಂಜಿನಿಯರ್ ಬಂದು ಅಳತೆ ಹಿಡಿದು, ನಾಲ್ಕು ಫೋಟೊ ತೆಗೆದು, ಮಾರುಕಟ್ಟೆ ಬೆಲೆ ಬರೆದುಕೊಂಡು ಹೋಗುತ್ತಾರೆ. ಕಟ್ಟಡದ ಆರೋಗ್ಯ ನೋಡುವುದು ಈ ಮೂವರಲ್ಲಿ ಯಾರ ಕೆಲಸವೂ ಅಲ್ಲ. ಆದರೆ ಮೂವರೂ ಬಂದುಹೋದ ಮೇಲೆ ಮನೆಯನ್ನು ಪೂರ್ತಿ ನೋಡಿದಂತಾಯಿತು ಎಂಬ ಭಾವನೆ ಬಂದುಬಿಡುತ್ತದೆ. ನನ್ನಂಥವರನ್ನು ಕರೆಯುವ ಕೆಲವರೂ ಕೊನೆಯಲ್ಲಿ, ಆಶೀರ್ವಾದಕ್ಕೆ ಕರೆದ ಹಾಗೆ ಕರೆಯುತ್ತಾರೆ.

"ಬ್ಯಾಂಕ್‌ನೋರು ಲೋನ್ ಪಾಸ್ ಮಾಡಿದ್ದಾರೆ ಅಂದ್ರೆ ಮನೆ ಚೆನ್ನಾಗಿದೆ ಅಂತಾನೇ ತಾನೆ ಮೇಡಂ? ಆದ್ರೂ ಇವಳು ಬಿಡಲಿಲ್ಲ," ಎಂದರು ಮಂಜುನಾಥ, ನಾನು ಮನೆಯ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದಾಗ. "ಲ್ಯಾಬ್‌ನವಳು ನೋಡಿ, ಟೆಸ್ಟ್ ಮಾಡ್ಸದೆ ಟೊಮೇಟೊನೂ ತಗೊಳ್ಳಲ್ಲ."

"ನೀನು ಗಾಡಿ ತಗೊಳ್ಳೋವಾಗ ಬಾನೆಟ್ ಎತ್ತಿ ನೋಡಲ್ವಾ? ಸುಮ್ನಿರು," ಎಂದರು ಸುಜಾತ.

ಅದು ಒಂದು ಶನಿವಾರ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆ ಎಂದು ಡೈರಿಯಲ್ಲಿದೆ.

ಆ ಬೇಸಿಗೆಯನ್ನು ಬೆಂಗಳೂರಿನವರಿಗೆ ನೆನಪಿಸಬೇಕಿಲ್ಲ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಫೋನ್ ಮಾಡಿದರೆ ನಾಳೆ ನಾಡಿದ್ದು ಎನ್ನುತ್ತಿದ್ದ ಕಾಲ. ನಮ್ಮ ಮನೆಯಲ್ಲೂ ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕುತ್ತಿದ್ದೆವು. ಅಂಥ ದಿನಗಳಲ್ಲಿ ಮನೆಯ ಮಾಲೀಕ ಶಿವಣ್ಣ ನಮ್ಮನ್ನು ಮೊಟ್ಟಮೊದಲು ಕರೆದುಕೊಂಡು ಹೋದದ್ದು ಸಂಪಿನ ಹತ್ತಿರಕ್ಕೆ. ಸಂಪು ಎಂದರೆ ನೆಲದೊಳಗೆ ಕಟ್ಟಿದ ನೀರಿನ ತೊಟ್ಟಿ. ಇಲ್ಲಿಂದ ಮೋಟಾರ್ ಹಾಕಿ ತಾರಸಿಯ ಟ್ಯಾಂಕಿಗೆ ನೀರು ಏರಿಸುತ್ತಾರೆ. ಶಿವಣ್ಣ ಅಮೃತಹಳ್ಳಿಯ ಹಳೆಯ ಕುಟುಂಬದವರು, ಅರವತ್ತರ ಆಸುಪಾಸು. ಗೇಟಿನ ಒಳಗೆ, ಕಾರು ನಿಲ್ಲಿಸುವ ಜಾಗದ ಈಶಾನ್ಯ ಮೂಲೆಯಲ್ಲಿದ್ದ ಕಬ್ಬಿಣದ ಮುಚ್ಚಳವನ್ನು ತಾವೇ ಬಗ್ಗಿ ಎತ್ತಿದರು. ನೀರು ಬಾಯಿಯ ತನಕ ತುಂಬಿತ್ತು.

"ನೋಡ್ರಮ್ಮ, ಬೀದಿ ತುಂಬ ಬಿಂದಿಗೆ ಇಟ್ಕಂಡು ಕಾಯ್ತಾ ಅವ್ರೆ. ನಮ್ಮ ಸಂಪು ಎಂಗೈತೆ ನೋಡಿ! ಈಶಾನ್ಯದಾಗೆ ನೀರು ಇಂಗೆ ತುಂಬಿದ್ರೆ ಮನೇಗೆ ಲಕ್ಷ್ಮಿ ಇದ್ದಂಗೆ. ವಾಸ್ತುನೋರು ಇಲ್ಲೇ ತೋಡ್ಸು ಅಂದ್ರು, ಇಲ್ಲೇ ತೋಡ್ಸಿದೆ."

ಸುಜಾತ ಆ ನೀರನ್ನು ನೋಡುತ್ತ ನಿಂತಿದ್ದರು. ಅವರ ಬಾಡಿಗೆ ಮನೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಅವರ ಮುಖದಲ್ಲಿ ಆಗ ಕಂಡ ನೆಮ್ಮದಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗೇಟಿನ ಹತ್ತಿರ ದಪ್ಪ ಪೈಪು ಎಳೆದ ಒದ್ದೆ ಗುರುತಿತ್ತು, ಅಂದರೆ ಅದೇ ಬೆಳಿಗ್ಗೆ ಟ್ಯಾಂಕರ್ ಬಂದು ಹೋಗಿತ್ತು ಎಂದೂ ನೆನಪು. ಆದರೆ ಡೈರಿಯಲ್ಲಿ ಈ ಒದ್ದೆ ಗುರುತಿನ ಮಾತಿಲ್ಲ. ನಂತರ ಗೊತ್ತಾದದ್ದನ್ನು ಮನಸ್ಸು ಹಿಂದಕ್ಕೆ ಒಯ್ದು ಅಲ್ಲಿ ಅಂಟಿಸಿರಬಹುದು. ಖಚಿತವಾಗಿ ಹೇಳಲಾರೆ.

ಖಚಿತವಾಗಿ ಇರುವುದು ಇವು. ನೆಲಮಹಡಿಯ ದೇವರಮನೆಯ ಬಾಗಿಲಿನ ಮೇಲಂಚನ್ನು ಇತ್ತೀಚೆಗೆ ಬಡಗಿಯ ಹತ್ತರಿ ಹೊಡೆದು ಸವರಲಾಗಿತ್ತು. ಉಳಿದ ಬಾಗಿಲೆಲ್ಲ ಪಾಲಿಶ್, ಆ ಅಂಚು ಮಾತ್ರ ಹಸಿ ಮರದ ಬಣ್ಣ. ಮೊದಲ ಮಹಡಿಯ ಮುಂಗೋಣೆಯ ನೆಲವನ್ನು ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಹಿಡಿದಾಗ ಹನ್ನೆರಡು ಅಡಿಗೆ 14 ಮಿಲಿಮೀಟರ್ ಇಳಿಜಾರು ಸಿಕ್ಕಿತು, ಅದೂ ಈಶಾನ್ಯದ ಕಡೆಗೆ. ಟೈಲ್ಸ್ ಹಾಕುವಾಗಿನ ಉದಾಸೀನದಿಂದಲೂ ಅಷ್ಟು ವ್ಯತ್ಯಾಸ ಬರುತ್ತದೆ. ಮೂರನೆಯದು, ಆ ಇಡೀ ಕಟ್ಟಡದಲ್ಲಿ ಅದೊಂದೇ ಕೋಣೆಗೆ ಹೊಸ ಬಣ್ಣ ಹೊಡೆದಿತ್ತು.

ಆ ಮಹಡಿಯಲ್ಲಿ ಬಾಡಿಗೆಗಿದ್ದ ನಸೀಮಾ ಎಂಬುವವರು ಹೊಲಿಗೆ ಮಷೀನಿನಿಂದ ಏಳದೆಯೇ ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟರು.

"ಬಣ್ಣ ನೀವು ಹೊಡೆಸಿದ್ದಾ?" ಎಂದು ಕೇಳಿದೆ.

"ನಾವ್ಯಾಕೆ ಹೊಡ್ಸೋಣ ಮೇಡಂ! ಓನರೇ ಬಂದು ಹೊಡ್ಸಿದ್ರು, ಕೇಳ್ದೇನೇ. ರಂಜಾನ್ ಬಂತಲ್ಲಾ, ಅದಕ್ಕಿರ್ಬೇಕು ಅಂದ್ಕೊಂಡ್ವಿ."

"ನೀರಿಗೆ ತೊಂದ್ರೆ ಇಲ್ವಾ?" ಎಂದು ಕೇಳಿದವರು ಸುಜಾತ.

"ಏನೂ ಇಲ್ಲ. ಟ್ಯಾಂಕರ್ ಬರ್ತದೆ, ಹಾಕ್ತದೆ, ಎರಡು ದಿನ ಬಿಟ್ಟು ಮತ್ತೆ ಬರ್ತದೆ. ನಮ್ಮ ಓನರ್ ಸಂಪಿಗೆ ನಮಗಿಂತ ಜಾಸ್ತಿ ಬಾಯಾರಿಕೆ," ಎಂದು ನಕ್ಕರು. ನಾವೂ ನಕ್ಕೆವು. ಈ ಮಾತು ಡೈರಿಯಲ್ಲಿ ಅಕ್ಷರಶಃ ಇದೆ. ಚೆನ್ನಾಗಿದೆ ಎಂದು ಬರೆದುಕೊಂಡಿದ್ದೇನೆ, ಅಷ್ಟೆ.

ಬಾಗಿಲು, ಇಳಿಜಾರು, ಬಣ್ಣ, ಸಂಪಿನ ಬಾಯಾರಿಕೆ, ಈ ನಾಲ್ಕನ್ನು ಒಟ್ಟಿಗೆ ಓದಿದರೆ ಎಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷದವರೂ ತಲೆ ಎತ್ತಿ ನೋಡುತ್ತಾರೆ. ಬಾಡಿಗೆದಾರರು ಇರುವಾಗ ಅವರ ಒಂದೇ ಕೋಣೆಗೆ ಕೇಳದೆ ಬಣ್ಣ ಹೊಡೆಸುವ ಮಾಲೀಕ ಬೆಂಗಳೂರಿನಲ್ಲಿ ಎಲ್ಲಿದ್ದಾನೆ? ಬಣ್ಣದಡಿಯಲ್ಲಿ ಬಿರುಕಿತ್ತು. ಮೂಲೆಯ ಕಂಬ ಕುಸಿಯುತ್ತಿದ್ದುದರಿಂದ ಬಿರುಕು, ಅದರಿಂದಲೇ ಬಾಗಿಲು ಸಿಕ್ಕಿಕೊಂಡದ್ದು. ಕಂಬ ಕುಸಿಯಲು ಕಾರಣ ಅದರ ಬುಡದಲ್ಲೇ ಸೋರುತ್ತಿದ್ದ ಸಂಪು. ಈಗ ಇದನ್ನು ಒಂದೇ ಉಸಿರಿನಲ್ಲಿ ಬರೆಯುತ್ತೇನೆ. ಅಂದು ಇವನ್ನೆಲ್ಲ ನೋಡಿದ್ದೆ, ಬರೆದುಕೊಂಡೂ ಇದ್ದೆ. ಆದರೆ ನಾಲ್ಕು ಬೇರೆ ಬೇರೆ ಸಣ್ಣ ಸಂಗತಿಗಳಾಗಿ.

ಸಂಪು ಸೋರುತ್ತದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಒಳಗೆ ಬರುವ ನೀರನ್ನೂ ಮೋಟಾರನ್ನೂ ನಿಲ್ಲಿಸುವುದು, ಮರುದಿನ ಅದೇ ಹೊತ್ತಿಗೆ ಬಂದು ನೋಡುವುದು. ನೀರು ಗೆರೆಯಲ್ಲೇ ಇದ್ದರೆ ಸಂಪು ಸರಿ, ಎರಡು ಬೆರಳು ಇಳಿದಿದ್ದರೆ ಸರಿಯಿಲ್ಲ. ಪ್ರತಿ ಮನೆಯಲ್ಲೂ ಈ ಗೆರೆ ಎಳೆಯುವುದು ನನ್ನ ಪದ್ಧತಿ. ಅಂದೂ ಚೀಲದಲ್ಲಿ ಸೀಮೆಸುಣ್ಣವಿತ್ತು.

"ಒಂದು ದಿನ ಮೋಟಾರ್ ಹಾಕದೆ ಇರಬಹುದಾ?" ಎಂದು ಶಿವಣ್ಣನನ್ನು ಕೇಳಿದೆ.

"ಅಯ್ಯೋ ಮೇಡಮ್ಮ, ಮೇಲೆ ಎರಡು ಸಂಸಾರ ಅವೆ. ಈ ಬ್ಯಾಸಿಗೇಲಿ ಮೋಟ್ರು ನಿಲ್ಸಿದ್ರೆ ನನ್ನ ತಲೆ ತಿಂತಾರೆ ಅಷ್ಟೆ. ನೀರು ನಿಂತೈತಲ್ಲ ಕಣ್ಮುಂದೆ, ಇನ್ನೇನು ನೋಡ್ಬೇಕು?"

ತಾರಸಿಯ ಟ್ಯಾಂಕನ್ನು ತುಂಬಿಸಿಕೊಂಡು ಆಮೇಲೆ ಒಂದು ದಿನ ನಿಲ್ಲಿಸಿ ಎನ್ನಬಹುದಿತ್ತು. ಅದು ನನಗೆ ಗೊತ್ತಿಲ್ಲದ ಉಪಾಯವಲ್ಲ. ಹಾಗೇಕೆ ಹೇಳಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಾಗ ಎರಡು ಮೂರು ಉತ್ತರ ಬರುತ್ತವೆ. ಮರುದಿನ ಜಕ್ಕೂರಿನಲ್ಲಿ ಇನ್ನೊಂದು ಮನೆ ಒಪ್ಪಿಕೊಂಡಿದ್ದೆ. ನೀರಿಗೆ ಎಲ್ಲರೂ ಪರದಾಡುವಾಗ ನೀರು ನಿಲ್ಲಿಸಿ ಎನ್ನಲು ನಾಚಿಕೆಯಾಯಿತು. ಇವೆರಡೂ ನಿಜ. ಇವಕ್ಕಿಂತ ನಿಜವಾದದ್ದನ್ನು ಹೇಳುವುದು ಕಷ್ಟ. ಆ ತುಂಬಿದ ಸಂಪನ್ನು ನೋಡಿ ಸುಜಾತರಿಗೆ ಆದ ಸಂತೋಷ ನನಗೂ ಆಗಿತ್ತು. ಖುಷಿಯಾದ ಮೇಲೆ ಪರೀಕ್ಷಿಸುವ ಮನಸ್ಸು ಸಡಿಲವಾಗುತ್ತದೆ.

ಸೋಮವಾರ ವರದಿ ಕಳಿಸಿದೆ. ಏಳು ಪುಟ, ಮೂವತ್ಮೂರು ಅಂಶ. ಬಾಗಿಲು ಹನ್ನೊಂದನೆಯದು: "ಸವರಿ ಸರಿಪಡಿಸಲಾಗಿದೆ." ನೆಲದ ಇಳಿಜಾರು ಹತ್ತೊಂಬತ್ತನೆಯದು: "ಸಹ್ಯ ಮಿತಿಯಲ್ಲಿದೆ." ಸಂಪು ಮೂವತ್ತೊಂದನೆಯದು: "ನೀರು ತುಂಬಿದ್ದರಿಂದ ಒಳಗೋಡೆಗಳನ್ನು ಹಾಗೂ ಸೋರಿಕೆಯನ್ನು ಪರಿಶೀಲಿಸಲಾಗಿಲ್ಲ." ಆರನೇ ಪುಟದಲ್ಲಿ, ಗೇಟಿನ ತುಕ್ಕಿಗೂ ಕಾಲಿಂಗ್ ಬೆಲ್ಲಿಗೂ ನಡುವೆ. ಕಾಗದದ ಮಟ್ಟಿಗೆ ನಾನು ಸುರಕ್ಷಿತಳಾಗಿದ್ದೆ.

ಮರುವಾರ ನೋಂದಣಿ ಆಯಿತು. ಗೃಹಪ್ರವೇಶಕ್ಕೂ ಕರೆದರು, ಹೋಗಿ ಊಟ ಮಾಡಿ ಬಂದೆ.

ಜುಲೈ ತಿಂಗಳ ಒಂದು ಪುಟದಲ್ಲಿ "ಸುಜಾತ ಫೋನ್. ದೇವರಮನೆ ಬಾಗಿಲು ಹಾಕಲು ಬರುತ್ತಿಲ್ಲ" ಎಂದಿದೆ. ನಾನೇನು ಹೇಳಿದೆ ಎಂದು ಬರೆದಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ ಎಂದಿರಬೇಕು. ಎಲ್ಲರಿಗೂ ಹಾಗೇ ಹೇಳುತ್ತೇನೆ. ಅದೇ ತಿಂಗಳು ಮಂಜುನಾಥರು ಸಂಪಿನ ನೀರು ನಿಲ್ಲುತ್ತಿಲ್ಲ ಎಂದು ಪ್ಲಂಬರ್ ಒಬ್ಬರನ್ನು ಕರೆಸಿ ಪೈಪಿನ ಕೀಲುಗಳನ್ನು ಬದಲಿಸಿದ್ದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಅಕ್ಟೋಬರ್‌ನಲ್ಲಿ ಯಲಹಂಕದ ಸುತ್ತಮುತ್ತ ಬಿದ್ದ ಮಳೆಗೆ ರಸ್ತೆಗಳೇ ಹೊಳೆಯಾದವು. ಮಳೆ ನಿಂತ ಮೂರನೇ ದಿನ ಮಧ್ಯಾಹ್ನ ಸುಜಾತ ಫೋನ್ ಮಾಡಿ, "ಮೇಡಂ, ನಸೀಮಾ ಅವರ ರೂಮಲ್ಲಿ ಗೋಡೆ ಬಿಟ್ಕೊಂಡಿದೆ. ಬೀದಿ ಕಾಣಿಸ್ತಿದೆ," ಎಂದರು. ದನಿ ಎತ್ತರಿಸಿರಲಿಲ್ಲ.

ಹೋಗಿ ನೋಡಿದೆ. ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಹೋದ ಬಿರುಕಿನಲ್ಲಿ ನನ್ನ ಕಿರುಬೆರಳು ಸಲೀಸಾಗಿ ಹೋಯಿತು. ನೆಲದ ಇಳಿಜಾರು 14ರಿಂದ 41 ಮಿಲಿಮೀಟರ್‌ಗೆ ಏರಿತ್ತು. ಅಂದೇ ಎರಡೂ ಮಹಡಿಗಳನ್ನು ಖಾಲಿ ಮಾಡಿಸಿದೆ. ನಸೀಮಾ ಹೊಲಿಗೆ ಮಷೀನನ್ನು ಆಟೋಗೆ ಏರಿಸುತ್ತ, "ಆ ಬಣ್ಣದ ಮೇಲೇ ಬಂದಿದೆ ನೋಡಿ ಮೇಡಂ," ಎಂದರು. ಅದನ್ನು ನನಗೆ ಹೇಳಬೇಕಾಗಿರಲಿಲ್ಲ.

ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು, ಅಂದರೆ ಕಟ್ಟಡದ ಭಾರ ಹೊರುವ ಭಾಗಗಳ ತಜ್ಞರನ್ನು ಕರೆಸಿ, ತೊಲೆಗಳಿಗೆ ಆಸರೆಯಾಗಿ ಉಕ್ಕಿನ ಜಾಕಿಗಳನ್ನು ಕೊಟ್ಟು, ಸಂಪು ಖಾಲಿ ಮಾಡಿ, ಪಕ್ಕದಲ್ಲಿ ಗುಂಡಿ ತೋಡಿದೆವು. ಕಂಬದ ಪಾದ ಐದು ಅಡಿ ಆಳದಲ್ಲಿತ್ತು. ಸಂಪಿನ ತಳ ಎಂಟು ಅಡಿ. ಪಾದಕ್ಕೂ ಸಂಪಿನ ಗೋಡೆಗೂ ನಡುವೆ ಅಡ್ಡಕ್ಕೆ ಒಂದು ಅಡಿಯೂ ಇರಲಿಲ್ಲ. ಕೆರೆಯ ಕಡೆಯ ತಗ್ಗು ಜಮೀನನ್ನು ಕಟ್ಟಡದ ಒಡಕಲಿನಿಂದ ತುಂಬಿ ಮಾಡಿದ ನಿವೇಶನ. ಇಟ್ಟಿಗೆ ಚೂರು, ಟೈಲ್ಸ್ ಚೂರು, ಒಂದು ಹಳೆಯ ಚಪ್ಪಲಿ ಕೂಡ ಸಿಕ್ಕಿತು. ಸಂಪಿನ ಗೋಡೆಯಿಂದ ಸೋರಿದ ನೀರು ವರ್ಷಗಟ್ಟಲೆ ಪಾದದಡಿಯ ಮಣ್ಣನ್ನು ಕೊರೆದಿತ್ತು. ದಿಕ್ಕು ತಪ್ಪಬಾರದೆಂದು ಕಂಬದ ಬುಡವನ್ನೇ ತೋಡಿದ್ದರು. ನಮ್ಮ ಸಣ್ಣ ನಿವೇಶನಗಳಲ್ಲಿ ಈಶಾನ್ಯ ಮೂಲೆಯಲ್ಲಿ ಯಾವಾಗಲೂ ಒಂದು ಕಂಬ ಇದ್ದೇ ಇರುತ್ತದೆ.

ಶಿವಣ್ಣ ಬಂದು ಗುಂಡಿಯನ್ನು ನೋಡಿದರು. "ಸಂಪು ಸ್ವಲ್ಪ ಕುಡೀತದೆ ಅಂತ ಗೊತ್ತಿತ್ತು ಕಣ್ರಮ್ಮ. ಕಂಬಾನೇ ಇಳೀತದೆ ಅಂತ ದೇವ್ರಾಣೆ ಗೊತ್ತಿರ್ಲಿಲ್ಲ," ಎಂದರು. ಅವರು ಹೇಳಿದ್ದರಲ್ಲಿ ಎಷ್ಟು ನಿಜವೋ ತಿಳಿಯದು. ವಕೀಲರು ಮೊಕದ್ದಮೆ ಹಾಕಬಹುದು ಎಂದರು, ಎಷ್ಟು ವರ್ಷ ಹಿಡಿಯುತ್ತದೆ ಎಂದು ಮಾತ್ರ ಹೇಳಲಿಲ್ಲ.

ದಾರಿಯೊಂದಿತ್ತು. ಕಂಬದ ಪಾದದ ಕೆಳಗೆ ಸ್ವಲ್ಪ ಸ್ವಲ್ಪವೇ ಅಗೆದು, ಗಟ್ಟಿ ನೆಲ ಸಿಗುವವರೆಗೆ ಕಾಂಕ್ರೀಟ್ ಇಳಿಸುವುದು. ಇದನ್ನು ಅಂಡರ್‌ಪಿನ್ನಿಂಗ್ ಎನ್ನುತ್ತಾರೆ. ಬಾಡಿಗೆ ನಿಂತು ಕಂತು ಮಾತ್ರ ಉಳಿದಿದ್ದ ಆ ಸಂಸಾರಕ್ಕೆ ಅದು ಕೈಗೆಟುಕುವ ಮಾತಾಗಿರಲಿಲ್ಲ. ನವೆಂಬರ್‌ನಲ್ಲಿ ಅವರು ಆರ್.ಟಿ. ನಗರದ ಎರಡು ಕೋಣೆಯ ಬಾಡಿಗೆ ಮನೆಗೆ ವಾಪಸಾದರು. ಅಮೃತಹಳ್ಳಿಯ ಮನೆ ಜಾಕಿಗಳ ಮೇಲೆ ನಿಂತಿತು.

ಆ ಮನೆಗೆ ಬೀಗ ಹಾಕಿದ ದಿನ ನಾನು ಸುಜಾತರ ಜೊತೆ ಗೇಟಿನ ಬಳಿ ನಿಂತಿದ್ದೆ. ಎಷ್ಟೋ ವಾರಗಳಿಂದ ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಮಾತನ್ನು ಹೇಳಿದೆ: "ಸಂಪು ನೋಡಿಲ್ಲ ಅಂತ ನಾನು ಅವತ್ತೇ ನಿಮಗೆ ಹೇಳಿದ್ದೆ ಅಲ್ವಾ?" ಹೇಳಿದ್ದೆ ಎಂದು ನನಗೆ ನಂಬಿಕೆಯಿತ್ತು. ಎಲ್ಲಿ ನಿಂತು, ಯಾವ ದನಿಯಲ್ಲಿ ಎಚ್ಚರಿಸಿದೆ ಎಂಬುದೂ ನೆನಪಿತ್ತು.

ಸುಜಾತ ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡರು. "ಇಲ್ಲ ಮೇಡಂ. ತಗೋಬಹುದಾ ಅಂತ ಕೇಳ್ದೆ. 'ನೀರು ಇದ್ಯಲ್ಲಮ್ಮ, ಅದೇ ದೊಡ್ಡದು, ಉಳಿದಿದ್ದೆಲ್ಲ ಸಣ್ಣಪುಟ್ಟದು' ಅಂದ್ರಿ."

ನನಗೆ ಈ ಮಾತು ಇಂದಿಗೂ ನೆನಪಿಗೆ ಬಂದಿಲ್ಲ. ಮನೆಗೆ ಬಂದು ಡೈರಿ ತೆಗೆದೆ. ಆ ಶನಿವಾರದ ಕೊನೆಯ ಸಾಲು ಹೀಗಿದೆ: "ತಗೋಬಹುದಾ ಎಂದು ಕೇಳಿದರು. ಧೈರ್ಯ ಹೇಳಿದೆ." ಎಚ್ಚರಿಕೆಯ ಮಾತು ಎಲ್ಲೂ ಇಲ್ಲ. ನಾನು ಅಷ್ಟು ಸ್ಪಷ್ಟವಾಗಿ ನೆನಪಿಟ್ಟುಕೊಂಡಿದ್ದ ದೃಶ್ಯ ಎಲ್ಲಿಂದ ಬಂತು? ವರದಿಯ ಮೂವತ್ತೊಂದನೆಯ ಸಾಲನ್ನು ಮತ್ತೆ ಮತ್ತೆ ಓದಿ, ಅದಕ್ಕೆ ನಾನೇ ದನಿ ಕೊಟ್ಟಿರಬೇಕು.

ಅವರು ಕೋಪಗೊಂಡಿದ್ದರೆ ಸಹಿಸುವುದು ಸುಲಭವಿತ್ತು. "ಬರೆದಿದ್ರಿ ಮೇಡಂ, ಸುಳ್ಳು ಹೇಳಲ್ಲ. ಆರನೇ ಪುಟದಲ್ಲಿತ್ತು. ನಾವು ಓದಿದ್ವಿ, ಅರ್ಥ ಆಗ್ಲಿಲ್ಲ," ಎಂದರು. ಆಮೇಲೆ, ತಮ್ಮ ಕೆಲಸದ ಬಗ್ಗೆ ಯಾರಿಗೋ ವಿವರಿಸುವ ಹಾಗೆ, "ನಮ್ಮ ಲ್ಯಾಬಲ್ಲಿ ಸ್ಯಾಂಪಲ್ ಸಾಲದಿದ್ರೆ ರಿಪೋರ್ಟೇ ಕೊಡಲ್ಲ ಮೇಡಂ. ಇನ್ನೊಂದ್ಸಲ ರಕ್ತ ಕೊಡಿ ಅಂತೀವಿ. ಬೈಕೊಂಡೇ ಕೊಡ್ತಾರೆ," ಎಂದರು.

ಮೂವತ್ತೊಂದು ವರ್ಷದ ಸೇವೆಯಲ್ಲಿ ನನ್ನ ಮೇಲಧಿಕಾರಿಗಳು ಯಾರೂ ಹೇಳಿಕೊಡದ ಪಾಠ ಅದು. ನೋಡಿದ್ದನ್ನು ಬರೆಯುವುದು ಪರೀಕ್ಷೆಯ ಸುಲಭದ ಭಾಗ. ನೋಡಲಾಗದ್ದನ್ನು ಏನು ಮಾಡುತ್ತೇವೆ ಎಂಬುದರಲ್ಲೇ ನಮ್ಮ ಯೋಗ್ಯತೆ ಇದೆ. ಈಗ ನನ್ನ ವರದಿಗಳ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಒಂದೇ: ನಾನು ಏನನ್ನು ನೋಡಿಲ್ಲ, ಅದು ಕೆಟ್ಟಿದ್ದರೆ ಏನಾಗಬಹುದು. ಸಂಪಿಗೆ ಗೆರೆ ಎಳೆಯಲು ಒಪ್ಪದ ಮನೆಗೆ ವರದಿಯನ್ನೇ ಕೊಡುವುದಿಲ್ಲ. ಇದರಿಂದ ಕೆಲಸ ಕಡಿಮೆಯಾಗಿದೆ. ಮೊದಲ ಮನೆ ಕೊಳ್ಳುವವರಿಗೆ ನಾನು ಹೇಳುವುದೂ ಇಷ್ಟೇ. ಮುಂಗಡ ಕೊಡುವ ಮೊದಲು, ಮುಹೂರ್ತ ಇಡಿಸುವ ಮೊದಲು ಪರೀಕ್ಷೆ ಮಾಡಿಸಿ. ಬೇಡ ಎನ್ನಲು ಸಾಧ್ಯವಿರುವಾಗ ಮಾತ್ರ ಅದು ಪರೀಕ್ಷೆ. ಪರೀಕ್ಷಿಸಲು ಬಂದವರನ್ನು "ತಗೋಬಹುದಾ" ಎಂದು ಕೇಳಬೇಡಿ. ಏನು ನೋಡಲಿಲ್ಲ ಎಂದು ಕೇಳಿ.

ಈ ವರ್ಷದ ಆರಂಭದಲ್ಲಿ ಸುಜಾತ ಮತ್ತೆ ಫೋನ್ ಮಾಡಿದ್ದರು. ಬ್ರೋಕರ್ ಒಬ್ಬರು ಬಂದು, ಬಿರುಕಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆಸಿ, ಜಾಕಿಗಳನ್ನು ಇಟ್ಟಿಗೆ ಗೋಡೆಯೊಳಗೆ ಮುಚ್ಚಿಬಿಟ್ಟರೆ ಒಂದು ತಿಂಗಳಲ್ಲಿ ಮಾರಿಕೊಡುತ್ತೇನೆ ಎಂದಿದ್ದರಂತೆ. ಮಂಜುನಾಥರು ಅರ್ಧ ಒಪ್ಪಿದ್ದರು.

"ಬರೋರು ನಿಮ್ಮಂಥವರನ್ನ ಕರ್ಕೊಂಡು ಬರ್ತಾರಾ ಮೇಡಂ?" ಎಂದು ಕೇಳಿದರು.

ಏನು ಹೇಳಿದರೆ ಅವರಿಗೆ ಹಗುರವಾಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ನಿಜವನ್ನೇ ಹೇಳಿದೆ: "ಹೆಚ್ಚಿನವರು ಕರ್ಕೊಂಡು ಬರಲ್ಲ." ಈ ಉತ್ತರವನ್ನು ಅಂದೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಸುಜಾತ, "ಹಾಗಿದ್ರೆ ನೀವೇ ಒಂದು ರಿಪೋರ್ಟ್ ಬರ್ಕೊಡಿ. ಎಲ್ಲಾ ಹಾಕಿ. ಮೊದಲನೇ ಪುಟದಲ್ಲೇ ಹಾಕಿ," ಎಂದರು.

ಬರೆದುಕೊಟ್ಟೆ. ಮನೆ ನೋಡಲು ಬಂದವರಿಗೆಲ್ಲ ಅವರು ಕಾಫಿಗಿಂತ ಮೊದಲು ಅದನ್ನು ಕೊಡುತ್ತಾರೆ. ಜನ ಓದುತ್ತಾರೆ, ಥ್ಯಾಂಕ್ಸ್ ಹೇಳುತ್ತಾರೆ, ಹೋಗುತ್ತಾರೆ. ಮನೆ ಮಾರಾಟವಾಗಿಲ್ಲ. ಕಂತು ನಿಂತಿಲ್ಲ. ಕಳೆದ ವಾರ ಮಂಜುನಾಥರು ವ್ಯಾನ್ ನಿಲ್ಲಿಸಿಕೊಂಡು ನಮ್ಮ ಗೇಟಿನ ಬಳಿಯೇ ನಿಂತು ಕೇಳಿದರು: "ಇನ್ನೊಂದು ಹತ್ತು ಕಾಪಿ ಬೇಕಂತೆ ಮೇಡಂ. ಬಂದೋರೆಲ್ಲ ತಗೊಂಡೇ ಹೋಗ್ಬಿಡ್ತಾರೆ."